ಹೊರನಾಡಿಗರೂ ಗುಳೆ ಬಂದವರೂ

ಇಂಗ್ಲಿಷಿನಲ್ಲಿ ‘ಎಕ್ಸ್‌ಪ್ಯಾಟ್’ ಎಂದೂ ‘ಇಮಿಗ್ರಂಟ್’ ಎಂದೂ ಎರಡು ಶಬ್ದಗಳಿವೆ. ನಿಘಂಟನ್ನು ನಂಬುವುದಾದರೆ ಮೊದಲನೆಯವನು ಸ್ವದೇಶವನ್ನು ಬಿಟ್ಟು ಕೆಲಕಾಲ ಹೊರಗೆ ಇರುವವನು. ಎರಡನೆಯವನು ಹೋದಲ್ಲಿಯೇ ನೆಲೆಸುವವನು. ಆದರೆ ಲೋಕದ ಬಳಕೆ ಇದಕ್ಕೆ ತಲೆಕೆಳಗಾಗಿದೆ. ದುಬೈಯಲ್ಲಿ ಇಪ್ಪತ್ತು ವರ್ಷ ಕಳೆದ ಲಂಡನ್ನಿನ ಬ್ಯಾಂಕ್ ಅಧಿಕಾರಿ ಕೊನೆಯವರೆಗೂ ಎಕ್ಸ್‌ಪ್ಯಾಟ್. ಎರಡು ವರ್ಷದ ಕರಾರಿನ ಮೇಲೆ ಅದೇ ನಗರಕ್ಕೆ ಹೋಗಿ, ಕರಾರು ಮುಗಿದೊಡನೆ ಊರಿಗೆ ಮರಳಲೇಬೇಕಾದ ಗಾರೆ ಕೆಲಸದವನು ವಲಸೆ ಕಾರ್ಮಿಕ. ಮರಳುವುದು ಖಚಿತವಾದವನಿಗೆ ವಲಸೆಯವನೆಂಬ ಹಣೆಪಟ್ಟಿ, ಮರಳುವ ಯೋಚನೆಯೇ ಇಲ್ಲದವನಿಗೆ ಅತಿಥಿಯ ಗೌರವ! ಈ ಶಬ್ದಗಳು ಅಳೆಯುವುದು ವಾಸದ ಅವಧಿಯನ್ನಲ್ಲ, ಮನುಷ್ಯನ ಅಂತಸ್ತನ್ನು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದು ಬಿಳಿಯರ ಅಹಂಕಾರವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. 1983ರ ನಮ್ಮದೇ ವಲಸೆ ಕಾಯಿದೆಯ ಅನ್ವಯ, ಹತ್ತನೆಯ ತರಗತಿ ತೇರ್ಗಡೆಯಾಗದ ಕೂಲಿಕಾರ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ಪರವಾನಗಿ ಪಡೆಯಬೇಕೆಂಬ ವ್ಯವಸ್ಥೆ ಬಂದಿತು. ಪದವೀಧರರಿಗೂ ಆದಾಯ ತೆರಿಗೆ ಕಟ್ಟುವವರಿಗೂ ನನ್ನಂತಹ ಗೆಜೆಟೆಡ್ ಅಧಿಕಾರಿಗಳಿಗೂ ಅದರಿಂದ ವಿನಾಯಿತಿ. ದುರ್ಬಲನನ್ನು ದಲ್ಲಾಳಿಗಳಿಂದ ಕಾಪಾಡುವುದೇ ಇದರ ಉದ್ದೇಶವೆಂಬುದನ್ನು ಒಪ್ಪೋಣ. ಆದರೆ 2018ರ ಜನವರಿಯಲ್ಲಿ ಇಂಥವರಿಗೆ ಕಿತ್ತಳೆ ಬಣ್ಣದ ಬೇರೆಯೇ ಪಾಸ್‌ಪೋರ್ಟ್ ಕೊಡುವ ಪ್ರಸ್ತಾಪವನ್ನೂ ಸರ್ಕಾರ ಮುಂದಿಟ್ಟಿತು. ಪ್ರತಿಭಟನೆ ಎದ್ದದ್ದರಿಂದ ಆ ತಿಂಗಳು ಕಳೆಯುವುದರೊಳಗೆ ಅದನ್ನು ಕೈಬಿಡಲಾಯಿತು. ಅಂತಸ್ತನ್ನು ರಕ್ಷಾಪತ್ರದ ಬಣ್ಣದಲ್ಲಿಯೇ ತೋರಿಸಬೇಕೆಂಬ ಯೋಚನೆ ಹೊಳೆದದ್ದು ಯಾವ ಪರಕೀಯನಿಗೂ ಅಲ್ಲ ಎಂಬುದನ್ನು ಮರೆಯಬಾರದು.

ಇನ್ನು ನಮ್ಮ ಕನ್ನಡಕ್ಕೆ ಬರೋಣ. ನಮ್ಮಲ್ಲಿ ಇರುವುದು ಎರಡಲ್ಲ, ಮೂರು ಶಬ್ದ. ಅಮೆರಿಕಕ್ಕೆ ಹೋದವನು ಅನಿವಾಸಿ. ಮುಂಬಯಿ, ಪುಣೆ, ದೆಹಲಿಗಳಿಗೆ ನೌಕರಿಗೆಂದು ಬಂದವನು ಹೊರನಾಡ ಕನ್ನಡಿಗ. ಯಾದಗಿರಿಯಿಂದಲೋ ವಿಜಯಪುರದಿಂದಲೋ ಮಳೆ ಕೈಕೊಟ್ಟ ವರ್ಷ ಹೆಂಡತಿ ಮಕ್ಕಳೊಡನೆ ಅದೇ ಮುಂಬಯಿಯ ರೈಲು ಹತ್ತಿದವನು ಮಾತ್ರ ಗುಳೆ ಹೋದವನು. ಬಿಟ್ಟುಬಂದ ನಾಡೂ ಬಂದು ಸೇರಿದ ನಗರವೂ ಒಂದೇ ಆಗಿರಲು ಹೆಸರುಗಳು ಬೇರೆಯಾದದ್ದೇಕೆ? ಮೊದಲಿನ ಇಬ್ಬರ ಹೆಸರಿನಲ್ಲಿ ನಾಡಿನ ಹೆಮ್ಮೆ ಇದೆ. ಮೂರನೆಯವನ ಹೆಸರಿನಲ್ಲಿ ಬರಗಾಲ ಮಾತ್ರ ಇದೆ. ಅವನು ಕನ್ನಡಿಗನೆಂಬ ಸುಳಿವು ಕೂಡ ಇಲ್ಲ.

ಈ ಭೇದ ಎಷ್ಟು ಆಳವಾಗಿದೆ ಎಂಬುದಕ್ಕೆ ನನ್ನ ಉದಾಹರಣೆಯನ್ನೇ ಕೊಡುತ್ತೇನೆ. ಕೇಂದ್ರ ಸರ್ಕಾರದ ಸೇವೆಗೆ ಸೇರಿದಾಗ ನೌಕರನು ತನ್ನ ಸ್ವಸ್ಥಳ ಯಾವುದೆಂದು ಘೋಷಿಸಬೇಕು. ಸೇವಾವಧಿಯಲ್ಲಿ ಒಂದು ಸಲಕ್ಕಿಂತ ಹೆಚ್ಚು ಅದನ್ನು ಬದಲಿಸುವಂತಿಲ್ಲ. ಆ ಸ್ಥಳಕ್ಕೆ ಎರಡು ವರ್ಷಗಳಿಗೊಮ್ಮೆ ಕುಟುಂಬದೊಡನೆ ಹೋಗಿಬರುವ ವೆಚ್ಚವನ್ನು ಸರ್ಕಾರ ಕೊಡುತ್ತದೆ. ನನ್ನ ಕಡತದಲ್ಲಿ ನನ್ನ ಊರು ಇಂದಿಗೂ ಭದ್ರವಾಗಿದೆ. ಕೂಲಿಕಾರನಿಗೂ ಇಂಥದೇ ಒಂದು ಹಕ್ಕು ಕಾಗದದ ಮೇಲೆ ಇತ್ತೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ, ಗುತ್ತಿಗೆದಾರನು ಕರೆತಂದ ಆಳಿಗೆ ಊರಿನಿಂದ ಬಂದುಹೋಗುವ ಖರ್ಚನ್ನೂ ಪ್ರಯಾಣದ ದಿನಗಳ ಕೂಲಿಯನ್ನೂ ಇವಲ್ಲದೆ ಊರು ಬಿಟ್ಟದ್ದಕ್ಕೊಂದು ಸ್ಥಳಾಂತರ ಭತ್ಯೆಯನ್ನೂ ಕೊಡಬೇಕೆಂದು ವಿಧಿಸಿತ್ತು. ನನ್ನ ಬಿಲ್ಲು ತಪ್ಪದೆ ಮಂಜೂರಾಯಿತು. ಅವನಿಗೆ ಬಿಲ್ಲು ಎಂಬುದೊಂದಿದೆ ಎಂದು ಹೇಳಿದವರೇ ಇಲ್ಲ. 2020ರ ಹೊಸ ಸಂಹಿತೆಯಲ್ಲಿ ಆ ಕಾಯಿದೆ ವಿಲೀನವಾದಾಗ ಪ್ರಯಾಣದ ಖರ್ಚಿನ ಮಾತು ಉಳಿಯಿತು, ಸ್ಥಳಾಂತರ ಭತ್ಯೆ ಬಿದ್ದುಹೋಯಿತು. ಯಾವ ಕನ್ನಡ ಸಂಘವೂ ಅದರ ಬಗ್ಗೆ ಒಂದು ಠರಾವು ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಅದೇ 2020ರಲ್ಲಿ ಮಹಾಮಾರಿಯ ಕಾಲಕ್ಕೆ ಈ ಶಬ್ದಗಳ ನಿಜವಾದ ಬೆಲೆ ಗೊತ್ತಾಯಿತು. ಮಾರ್ಚ್ ಕೊನೆಯಲ್ಲಿ ದೇಶ ಬಾಗಿಲು ಹಾಕಿಕೊಂಡಿತು. ಮೇ ತಿಂಗಳಲ್ಲಿ ಅನಿವಾಸಿಗಳನ್ನು ಕರೆತರಲು ವಿಮಾನಗಳು ಹಾರಿದವು. ಕೂಲಿಕಾರರಿಗಾಗಿ ಶ್ರಮಿಕ ರೈಲುಗಳು ಹೊರಟವು. ಅಷ್ಟರಲ್ಲಿ ಲಕ್ಷಾಂತರ ಜನ ಹೆದ್ದಾರಿಗಳಲ್ಲಿ ನಡೆದೇ ಊರಿನ ದಾರಿ ಹಿಡಿದಿದ್ದರು. ಆ ತಿಂಗಳ ಮೊದಲ ವಾರದಲ್ಲಿ ಕರ್ನಾಟಕ ಸರ್ಕಾರ, ಕಟ್ಟಡ ಉದ್ಯಮಿಗಳೊಡನೆ ಮಾತುಕತೆ ನಡೆಸಿದ ಬೆನ್ನಿಗೇ, ಉತ್ತರದ ಕಾರ್ಮಿಕರನ್ನು ಒಯ್ಯಬೇಕಾಗಿದ್ದ ರೈಲುಗಳನ್ನು ಬೇಡವೆಂದು ಹೇಳಿ, ಟೀಕೆ ಬಂದ ಮೇಲೆ ಮತ್ತೆ ಒಪ್ಪಿಕೊಂಡಿತು. ಮೇ 18ರಂದು ಅದೇ ಸರ್ಕಾರ ಮಹಾರಾಷ್ಟ್ರವೇ ಮೊದಲಾದ ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸಾರಿತು. ಹೊರಟವನನ್ನು ಹಿಡಿದಿಟ್ಟದ್ದೂ ಬಂದವನನ್ನು ತಡೆದದ್ದೂ ಒಂದೇ ಸರ್ಕಾರ, ಒಂದೇ ತಿಂಗಳು. ಆಗ ಗಡಿಯಲ್ಲಿ ನಿಂತ ಪೊಲೀಸರು ಹೊರನಾಡಿಗ ಯಾರು, ಗುಳೆಯವನು ಯಾರು ಎಂದು ವಿಚಾರಿಸಲಿಲ್ಲ. ನಾವು ಜತನದಿಂದ ಕಾಪಾಡಿಕೊಂಡು ಬಂದ ವ್ಯತ್ಯಾಸ ಅಷ್ಟು ಸುಲಭವಾಗಿ ಅಳಿಸಿಹೋಯಿತು.

ಹಾಗೆ ನೋಡಿದರೆ ಈ ವ್ಯತ್ಯಾಸವನ್ನು ಮುಂಬಯಿ ಎಂದೂ ಮಾನ್ಯ ಮಾಡಿರಲಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿ ದಕ್ಷಿಣದವರ ಮೇಲೆ ಕಣ್ಣು ಕೆಂಪಾಗಿಸಿದಾಗ ಉಡುಪಿ ಹೋಟೆಲಿನ ಯಜಮಾನನೂ ಕಚೇರಿಯ ಗುಮಾಸ್ತನೂ ಲೋಟ ತೊಳೆಯುವ ಹುಡುಗನೂ ಒಂದೇ ಸಾಲಿನಲ್ಲಿ ಪರಕೀಯರಾಗಿದ್ದರು. ಆ ಹಿರಿಯರಿಗೆ ತಾವು ವಲಸೆ ಬಂದವರೆಂಬ ಅರಿವು ಇತ್ತು. ಆದ್ದರಿಂದಲೇ ಹಗಲೆಲ್ಲ ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿ ಅವರು ಈ ನಗರದಲ್ಲಿ ಕನ್ನಡದ ರಾತ್ರಿ ಶಾಲೆಗಳನ್ನು ನಡೆಸಿದರು. ಆ ಬೆಂಚುಗಳ ಮೇಲೆ ಅಕ್ಷರ ಕಲಿತವರು ಉದ್ಯಮಿಗಳಾದರು, ವಕೀಲರಾದರು, ಸಂಘಗಳ ಪದಾಧಿಕಾರಿಗಳಾದರು. ಹೊರನಾಡ ಕನ್ನಡ ಸಂಸ್ಕೃತಿ ಎಂದು ನಾವು ಇಂದು ಬೀಗುವುದರ ಬುನಾದಿ ಅಲ್ಲಿದೆ. ಇಂದಿನ ಗುಳೆಯ ಹುಡುಗನಿಗೆ ನಾವು ಅಂಥ ಒಂದು ಬೆಂಚನ್ನಾದರೂ ಇಟ್ಟಿದ್ದೇವೆಯೆ?

ನಮ್ಮ ಸಂಘಗಳ ಸದಸ್ಯರ ಪಟ್ಟಿಯನ್ನು ತೆಗೆದು ನೋಡಿ. ಬ್ಯಾಂಕು, ರೈಲ್ವೆ, ಕೇಂದ್ರ ಕಚೇರಿ, ಹೋಟೆಲು, ಈಚೆಗೆ ಸಾಫ್ಟ್‌ವೇರ್. ಬೆಳಗಿನ ಜಾವ ನಾಕಾದಲ್ಲಿ ಕೂಲಿಗಾಗಿ ಕಾದು ನಿಲ್ಲುವ ಕಲ್ಯಾಣ ಕರ್ನಾಟಕದ ಮಂದಿ ಆ ಪಟ್ಟಿಯಲ್ಲಿಲ್ಲ. ಗೋವೆಯ ಬೈನಾ ಕಡಲ ದಂಡೆಯಲ್ಲಿ 2004ರಲ್ಲಿಯೂ 2017ರಲ್ಲಿಯೂ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದ ಕನ್ನಡಿಗರಂಥವರೂ ಇಲ್ಲ.

ಇದಕ್ಕೆ ಸಿಗುವ ಉತ್ತರಗಳು ಎರಡು. ನಮ್ಮದು ಸಾಂಸ್ಕೃತಿಕ ಸಂಸ್ಥೆ, ಕಾರ್ಮಿಕ ಸಂಘಟನೆಯಲ್ಲ ಎಂಬುದು ಮೊದಲನೆಯದು. ರಾತ್ರಿ ಶಾಲೆ ಸಂಸ್ಕೃತಿಯ ಕೆಲಸವಾಗಿರಲಿಲ್ಲವೆ? ನಾಲ್ಕು ತಿಂಗಳು ಇದ್ದು ಹೋಗುವವನಿಗೆ ಸದಸ್ಯತ್ವ ಏಕೆ ಎಂಬುದು ಎರಡನೆಯದು. ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಅಧಿಕಾರಿಯನ್ನು ಕರೆದು ಅಧ್ಯಕ್ಷನನ್ನಾಗಿ ಮಾಡುವಾಗ ಈ ಪ್ರಶ್ನೆ ಏಳುವುದಿಲ್ಲ! ಲಂಬಾಣಿ ತಾಂಡಾಗಳಿಂದ ಬಂದವರ ಮನೆಮಾತು ಕನ್ನಡವಲ್ಲ ಎನ್ನುವವರೂ ಇದ್ದಾರೆ. ತುಳು, ಕೊಂಕಣಿ ಮನೆಮಾತಿನವರು ಕಟ್ಟಿ ಬೆಳೆಸಿದ ಮುಂಬಯಿ ಕನ್ನಡ ಲೋಕದಲ್ಲಿ ನಿಂತು ಆಡುವ ಮಾತು ಇದಲ್ಲ.

ನಮ್ಮ ಇನ್ನೊಂದು ಇಬ್ಬಗೆಯನ್ನೂ ಹೇಳದೆ ವಿಧಿಯಿಲ್ಲ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ನಾವು ಇಲ್ಲಿಂದಲೇ ಗುಡುಗುತ್ತೇವೆ. ಆ ಬೇಡಿಕೆ ನ್ಯಾಯವಾದದ್ದು. ಆದರೆ ಮೂವತ್ತು ವರ್ಷ ಇಲ್ಲಿದ್ದೂ ಮರಾಠಿಯ ಒಂದು ಪತ್ರಿಕೆಯನ್ನು ಓದಲಾರದ, ಇಲ್ಲಿಯ ಮತದಾರರ ಪಟ್ಟಿಯಲ್ಲಿ ಹೆಸರನ್ನೂ ಬರೆಸದ ಹೊರನಾಡಿಗ ಆ ಮಾತನ್ನು ಯಾವ ಬಾಯಿಂದ ಆಡುತ್ತಾನೆ? ಸಂವಿಧಾನದ 19ನೆಯ ವಿಧಿ ದೇಶದ ಯಾವ ಭಾಗದಲ್ಲಿಯೂ ನೆಲೆಸುವ ಸ್ವಾತಂತ್ರ್ಯವನ್ನು ಪ್ರಜೆಗೆ ಕೊಟ್ಟಿದೆ. ಕೆಲಕಾಲದ ಅತಿಥಿ ಎಂಬ ದರ್ಜೆಯನ್ನು ಅದು ಯಾರಿಗೂ ಕೊಟ್ಟಿಲ್ಲ. ನಾವು ವಲಸೆ ಬಂದವರು ಎಂದು ಒಪ್ಪಿಕೊಂಡ ದಿನ ಈ ನೆಲದ ಋಣವೂ ಅರ್ಥವಾಗುತ್ತದೆ, ನಾಕಾದಲ್ಲಿ ನಿಂತವನೊಡನೆ ನಮಗಿರುವ ನಂಟೂ ಅರ್ಥವಾಗುತ್ತದೆ.

ಆದ್ದರಿಂದ ಸಂಘಗಳ ಮುಂದೆ ನಾನು ಇಡುವ ಬೇಡಿಕೆಗಳು ಸರಳವಾದವು. ಗುಳೆ ಬಂದವರಿಗೆ ಶುಲ್ಕವಿಲ್ಲದ ಸದಸ್ಯತ್ವ ಕೊಡಿ. ವಾರಕ್ಕೊಂದು ಸಂಜೆ ಸಂಘದ ಬಾಗಿಲು ತೆರೆದಿಟ್ಟು, ಕರಾರು ಪತ್ರ, ಪಡಿತರ ಚೀಟಿ, ಮಕ್ಕಳ ಶಾಲೆಯ ಅರ್ಜಿಗಳನ್ನು ಓದಿ ಹೇಳಲು ಇಬ್ಬರನ್ನು ಕೂರಿಸಿ. ನಮ್ಮಲ್ಲಿ ನಿವೃತ್ತ ಅಧಿಕಾರಿಗಳಿಗೇನು ಕೊರತೆಯಿಲ್ಲ, ಮುಂದೆ ನಾನೂ ಅವರಲ್ಲೊಬ್ಬ. ಮುಂದಿನ ರಾಜ್ಯೋತ್ಸವದಲ್ಲಿ ಸನ್ಮಾನದ ಶಾಲು ಹೊದಿಸುವ ಮೊದಲು, ನಾವು ಕುಳಿತ ಸಭಾಭವನದ ಕಲ್ಲು ಹೊತ್ತವರು ಯಾವ ಜಿಲ್ಲೆಯವರೆಂದು ಕೇಳಿ ತಿಳಿದುಕೊಳ್ಳಿ. ಅವರು ನಮ್ಮವರೇ ಆಗಿದ್ದರೆ ಅವರಿಗೂ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ.