ರಾಯಣ್ಣನನ್ನು ಮೂರಕ್ಷರಕ್ಕೆ ಇಳಿಸಬೇಡಿ



ಡಿಸೆಂಬರ್ ರಜೆಗೆ ಊರಿಗೆ ಹೊರಡೋ ಮುಂಚೆ ಟೂಂಗಾಬಿಯ ಮನೇಲಿ ಕೂತು ಬೆಂಗಳೂರಿಂದ ಬೆಳಗಾವಿಗೆ ರೈಲು ಟಿಕೆಟ್ ಹುಡುಕ್ತಿದ್ದೆ. ಪಕ್ಕದಲ್ಲಿದ್ದ ಮಗಳು ಪರದೆ ನೋಡಿ ಕೇಳಿದಳು, "ಅಪ್ಪಾ, ಕೆ.ಎಸ್.ಆರ್. ಅಂದ್ರೆ ಯಾರು?" ಕಿತ್ತೂರು ಚೆನ್ನಮ್ಮನ ಬಂಟ, ಬ್ರಿಟಿಷರ ವಿರುದ್ಧ ಕತ್ತಿ ಹಿಡಿದವನು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನು ಅಂತ ಕಥೆ ಹೇಳ್ತಾ ಕೂತು ಟಿಕೆಟ್ ಮಾಡೋದೇ ಮರೆತೆ!

ಬೆಂಗಳೂರಿಗೆ ರೈಲು ಮೊದಲು ಬಂದದ್ದು 1864ರಲ್ಲಿ, ಮದರಾಸಿನ ಕಡೆಯಿಂದ, ದಂಡಿನವರ ಕಂಟೋನ್ಮೆಂಟಿಗೆ. ಪೇಟೆ ಮಗ್ಗುಲಿನ ಸಿಟಿ ನಿಲ್ದಾಣದ ಕಥೆ ಮೈಸೂರು ದಾರಿಯದು. 1876-78ರ ಭೀಕರ ಬರದ ಕಾಲದಲ್ಲಿ ಹಸಿದವರಿಗೆ ಕೂಲಿ ಸಿಗಲಿ ಅಂತ ಕೈಗೆತ್ತಿಕೊಂಡ ಮೀಟರ್ ಗೇಜ್ ಹಳಿ ಅದು. 1882ರಲ್ಲಿ ಮೈಸೂರು ಮುಟ್ಟಿತು. ಹಾಗಾಗಿ ಕಂಟೋನ್ಮೆಂಟ್ ದಂಡಿನದು, ಸಿಟಿ ನಮ್ಮದು ಅಂತ ನನ್ನ ಲೆಕ್ಕ. ಇವತ್ತೂ ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಕೆಲಸ, ಓದು ಅಂತ ಬರೋ ಎಷ್ಟೋ ಜನ ಇಳಿಯೋದು ಇಲ್ಲೇ. ರಸ್ತೆ ದಾಟಿದರೆ ಮೆಜೆಸ್ಟಿಕ್, ಪಕ್ಕದಲ್ಲೇ ಮೆಟ್ರೋ. ಇಂಜಿನಿಯರಿಂಗ್ ಸೇರೋಕೆ ಟ್ರಂಕು ಹೊತ್ತು ನಾನು ಇಳಿದದ್ದೂ ಇಲ್ಲೇ. ಆಗಿನ್ನೂ ಅದು ಬರೀ 'ಸಿಟಿ ಸ್ಟೇಷನ್'.

2015-16ರಲ್ಲಿ ಅದಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂತು. ಕುಣಿದಾಡಿದೆವು. ಆಮೇಲೆ? ಟಿಕೆಟ್ಟಿನಲ್ಲಿ 'ಕೆಎಸ್‌ಆರ್ ಬೆಂಗಳೂರು' ಆಯ್ತು, ನಮ್ಮ ಬಾಯಲ್ಲೂ ಅದೇ ಕೂತುಬಿಟ್ಟಿತು. ನಿಲ್ದಾಣದ ಕೋಡ್ ಇವತ್ತಿಗೂ ಹಳೇ ಎಸ್‌ಬಿಸಿ; ಅದರ ಬಗ್ಗೆ ನನ್ನ ತಕರಾರಿಲ್ಲ. ಡೇಟಾಬೇಸಿನ ಕೀಲಿ ಬದಲಾಯಿಸಿದರೆ ಏನೇನು ಮುರಿಯುತ್ತೆ ಅಂತ ನಮ್ಮಂಥವರಿಗೆ ಗೊತ್ತು. ಆದರೆ ಜನ ಓದೋ ಹೆಸರು ಕೀಲಿಯಲ್ಲ.

ಚೆನ್ನೈ ಸೆಂಟ್ರಲ್ ಕೂಡ 2019ರಿಂದ ಎಂ.ಜಿ.ಆರ್. ಹೆಸರಲ್ಲಿದೆ. ಅಲ್ಲೂ ಮೂರಕ್ಷರ ತಾನೇ ಅಂತೀರಾ? ಸ್ವಾಮೀ, ಅವರನ್ನು ಬದುಕಿದ್ದಾಗಲೇ ಜನ ಕರೀತಿದ್ದದ್ದು ಹಾಗೆ. ಸಂಗೊಳ್ಳಿಯಲ್ಲಿ ಯಾವ ಅಜ್ಜಿ ರಾಯಣ್ಣನನ್ನು 'ಕೆ.ಎಸ್.ಆರ್.' ಅಂದಾಳು? ಮೊಟಕು ಮಾಡಲೇಬೇಕಿದ್ದರೆ 'ರಾಯಣ್ಣ ಬೆಂಗಳೂರು' ಅನ್ನಿ. ಇಂಗ್ಲಿಷಿನಲ್ಲಿ ಬರೆದರೂ ಹೆಚ್ಚಾಗೋದು ನಾಲ್ಕೇ ಅಕ್ಷರ. ನಮ್ಮ ಮೆಟ್ರೋ ತನ್ನ ನಿಲ್ದಾಣಕ್ಕೆ ಪೂರ್ತಿ ಹೆಸರಿಟ್ಟಿದೆ, ಯಾರಿಗೂ ನಾಲಿಗೆ ಹೊರಳದೇ ಇಲ್ಲ.

ಟೂಂಗಾಬಿಯ ನಿಲ್ದಾಣ 1880ರದ್ದು. ಆ ಹೆಸರು ಇಲ್ಲಿನ ಮೂಲನಿವಾಸಿ ದಾರುಗ್ ಜನರ ನುಡಿಯದು, ನೀರಿಗೆ ಸಂಬಂಧಿಸಿದ್ದು. ಆ ಜನರ ನೆಲ ಹೋಯ್ತು, ನುಡಿ ಸೊರಗಿತು. ಹೆಸರನ್ನಾದರೂ ಪ್ಲಾಟ್‌ಫಾರ್ಮಿನಲ್ಲಿ ದಿನಾ ಪೂರ್ತಿ ಕೂಗ್ತಾರೆ, ನನ್ನ ಮಗಳಿಗದು ಬಾಯಿಪಾಠ.

ರೈಲ್ವೆಗೆ ಒಂದು ಪತ್ರ ಬರೆದಿಟ್ಟಿದ್ದೀನಿ, ನೀವೂ ಬರೆಯಿರಿ. ಈ ಸಲ ಬೆಂಗಳೂರಲ್ಲಿ ಆಟೋ ಹತ್ತಿ "ರಾಯಣ್ಣ ಸ್ಟೇಷನ್" ಅಂತೀನಿ. "ಯಾವ್ದು ಸಾರ್, ಮೆಜೆಸ್ಟಿಕ್ಕಾ?" ಅಂತ ಕೇಳಿದರೆ ಹೌದಪ್ಪಾ ಅಂದು, ಹೆಸರನ್ನು ಇನ್ನೊಂದು ಸಲ ಹೇಳ್ತೀನಿ.