ವೆಲ್ಡಿಂಗ್ ಬೇಡ, ಬೋಲ್ಟ್ ಸಾಕು

ಕಳೆದ ತಿಂಗಳು ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಕಾರಣ ಒಂದು ವಿಡಿಯೋ. ಜಾಗ್ವಾರ್ ಕಂಪನಿಯವರು ತಮ್ಮದೇ ಹಳೇ ಇ-ಟೈಪ್ ಸ್ಪೋರ್ಟ್ಸ್ ಕಾರಿನ ಎಂಜಿನ್ ಇಳಿಸಿ, ಆ ಜಾಗದಲ್ಲಿ ಬ್ಯಾಟರಿ, ಮೋಟರ್ ಕೂರಿಸಿದ್ದರು. 2018ರಲ್ಲಿ ಹ್ಯಾರಿ-ಮೇಗನ್ ಮದುವೆ ದಿನ ಗಂಡು-ಹೆಣ್ಣು ಕೂತು ಹೋದರಲ್ಲ, ಅದೇ ಕಾರು. ನಮ್ಮ ರೂಮಿನಲ್ಲಿ ಇಬ್ಬರು "ಸೂಪರ್ ಗುರೂ" ಅಂದ್ರು. ಇನ್ನಿಬ್ಬರು "ಇದು ಕೊಲೆ ಕಣೋ" ಅಂದ್ರು.

ಇ-ಟೈಪ್ ಕೊಳ್ಳೋ ಯೋಗ ನಮ್ಮಲ್ಲಿ ಯಾರಿಗೂ ಇಲ್ಲ, ಹಾಗಾಗಿ ಜಗಳ ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಮಿನಿ ಪ್ರಾಜೆಕ್ಟ್ ಟಾಪಿಕ್ ಕೊಡೋ ಕೊನೇ ದಿನ ಹತ್ತಿರ ಬಂದಿತ್ತು. ಮತ್ತೆ ಬನ್ನೂರಿನಲ್ಲಿ ನಮ್ಮ ತಾತನ ಮನೆ ಹಿಂದೆ, ಹುಲ್ಲಿನ ಮೆದೆ ಪಕ್ಕದ ಕೊಟ್ಟಿಗೆಯಲ್ಲಿ, 1981ರ ಯೆಜ್ಡಿ ರೋಡ್‌ಕಿಂಗ್ ಒಂದು ಹನ್ನೆರಡು ವರ್ಷದಿಂದ ಸ್ಟ್ಯಾಂಡ್ ಹಾಕಿ ನಿಂತಿದೆ. (ಬನ್ನೂರು ಅಂದ ತಕ್ಷಣ ನೀವು "ಕುರಿ" ಅಂತೀರಿ, ಗೊತ್ತು. ಕುರಿಯೂ ಅದೇ ಕೊಟ್ಟಿಗೆಯಲ್ಲೇ ಇದೆ.)

ಬೈಕು ಸ್ಪೋರ್ಟ್ಸ್ ಕಾರಲ್ಲ ಅಂತ ಮೂಗು ಮುರಿಯಬೇಡಿ. ಮೈಸೂರು ಸೀಮೆಯಲ್ಲಿ ಹುಟ್ಟಿದ ಕ್ಲಾಸಿಕ್ ಅಂದರೆ ಇದೇ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯ್ತು. ಕಟ್ಟಿದವರು ಇರಾನಿ ಕುಟುಂಬದವರು, ಉದ್ಘಾಟನೆ ಮಾಡಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಮೊದಲು ಜೆಕ್ ದೇಶದ ಜಾವಾ ಹೆಸರಲ್ಲಿ, ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಲ್ಲಿ ಬೈಕು ಬಂದವು. 1978ರಲ್ಲಿ ರೋಡ್‌ಕಿಂಗ್. 250 ಸಿಸಿ, ಟೂ-ಸ್ಟ್ರೋಕ್, 16 ಹಾರ್ಸ್‌ಪವರ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ಕರ್ ಹೊಡೆದು ಸ್ಟಾರ್ಟ್ ಮಾಡಿದ ಮೇಲೆ ಅದೇ ರಾಡನ್ನ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುತ್ತೆ. ಮೊದಲ ಸಲ ನೋಡಿದಾಗ ನಮಗೆ ಯಾರೋ ಮ್ಯಾಜಿಕ್ ತೋರಿಸಿದ ಹಾಗಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದು ಮೈಲೇಜ್ ಲೆಕ್ಕವನ್ನೇ ಬದಲಿಸಿತು. ಕುಡಿಯೋ ಬೈಕುಗಳ ಕಾಲ ಮುಗೀತಾ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ನಾವೆಲ್ಲ ಹುಟ್ಟೋ ಎಷ್ಟೋ ಮೊದಲು.

ಶನಿವಾರ ನಾಲ್ಕೂ ಜನ ಬನ್ನೂರಿಗೆ ಹೋದ್ವಿ. ಲ್ಯಾಪ್‌ಟಾಪ್ ತೆಗೆದು ತಾತನಿಗೆ ಪಿಪಿಟಿ ತೋರಿಸಿದ್ವಿ (ಹೌದು, ಜಗಲಿ ಮೇಲೆ). ಹೊಗೆ ಇರಲ್ಲ, ಸದ್ದಿರಲ್ಲ, ಪೆಟ್ರೋಲ್ ಬೇಡ. ತಾತ ಬೈತಾರೆ ಅಂದುಕೊಂಡಿದ್ವಿ. ಕಬ್ಬಿನ ದುಡ್ಡಲ್ಲಿ ತಗೊಂಡ ಗಾಡಿ ಅದು. ಮೈಸೂರಿಂದ ವಾಪಸ್ ಬರುವಾಗ ಊರ ಬಾಗಿಲಲ್ಲೇ ಸದ್ದು ಕೇಳಿ ಅಜ್ಜಿ ಒಲೆ ಮೇಲೆ ಕಾಫಿಗೆ ಇಡ್ತಿದ್ರಂತೆ. ಆದರೆ ತಾತ ಬೈಲಿಲ್ಲ. ಎಲ್ಲಾ ನೋಡಿ ಒಂದೇ ಮಾತು ಕೇಳಿದ್ರು:

"ಅದೆಲ್ಲಾ ಸರಿ ಕಣ್ರಪ್ಪ. ಇಳ್ಸಿದ್ ಎಂಜಿನ್ನ ಎಲ್ಲಿ ಮಡಗ್ತೀರಿ?"

ನಮ್ಮ ಪಿಪಿಟಿಯ ಇಪ್ಪತ್ತಮೂರು ಸ್ಲೈಡಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಈ ಬರಹ ಆ ಪ್ರಶ್ನೆಗೇ. ಹಳೇ ಗಾಡಿಯನ್ನ ಎಲೆಕ್ಟ್ರಿಕ್ ಮಾಡಬೇಕೋ ಬೇಡವೋ ಅನ್ನೋದರ ಮೇಲೆ ಎಲ್ಲರೂ ಕಿತ್ತಾಡ್ತಾರೆ. ನಮಗೀಗ ಅನ್ನಿಸ್ತಿರೋದು, ಮಾಡೋದಾದ್ರೆ ನಾಳೆ ಅದನ್ನ ಬಿಚ್ಚಿ ಮೊದಲಿನ ಹಾಗೆ ಮಾಡೋಕೆ ಆಗಬೇಕು ಅಂತ. ಫ್ರೇಮ್ ಕೊಯ್ಯಬಾರದು, ಟ್ಯಾಂಕ್ ಕೊಯ್ಯಬಾರದು, ಎಂಜಿನ್ ಗುಜರಿಗೆ ಹೋಗಬಾರದು. ಮತ್ತೆ ಚೆನ್ನಾಗಿ ಓಡ್ತಿರೋ ಗಾಡಿಯನ್ನಂತೂ ಮುಟ್ಟಲೇಬಾರದು.

ಮೊದಲು ನಮ್ಮ ಕಡೆಯ ಒಂದು ಸುಳ್ಳನ್ನ ಒಪ್ಪಿಕೊಳ್ತೀವಿ. ಎರಡನೇ ಸ್ಲೈಡಿನಲ್ಲೇ "ಪರಿಸರಕ್ಕಾಗಿ" ಅಂತ ದೊಡ್ಡಕ್ಷರದಲ್ಲಿ ಹಾಕಿದ್ವಿ. ಆಮೇಲೆ ಲೆಕ್ಕ ಹಾಕಿದ್ವಿ. ಇಂಥ ಗಾಡಿ ವರ್ಷಕ್ಕೆ ಹೆಚ್ಚಂದ್ರೆ 500 ಕಿಲೋಮೀಟರ್ ಓಡುತ್ತೆ. ಲೀಟರಿಗೆ 30 ಅಂದರೂ 17 ಲೀಟರ್ ಪೆಟ್ರೋಲ್. ಒಂದು ಲೀಟರ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್, ಅಂದರೆ ವರ್ಷಕ್ಕೆ 40 ಕೆಜಿ ಹತ್ತಿರ. ಮೂರು ಯೂನಿಟ್ಟಿನ ಲಿಥಿಯಂ ಬ್ಯಾಟರಿ ತಯಾರಿಸುವಾಗಲೇ ಅದರ ಎಷ್ಟೋ ಪಟ್ಟು ಹೊರಗೆ ಬರುತ್ತೆ. ಟೂ-ಸ್ಟ್ರೋಕ್ ಹೊಗೆ ಕೆಟ್ಟದ್ದು, ನಿಜ. ಸ್ವಲ್ಪ ಪೆಟ್ರೋಲ್ ಸುಡದೇನೇ ಸೈಲೆನ್ಸರಿನಿಂದ ಆಚೆ ಹೋಗುತ್ತೆ. ಆದರೆ ಭಾನುವಾರ ಮಾತ್ರ ಹೊರಗೆ ಬರೋ ಒಂದು ಗಾಡಿಯಿಂದ ಭೂಮಿ ಉಳಿಯಲ್ಲ. ದಿನಾ ಓಡಾಡೋ ಗಾಡಿಗೆ ಲೆಕ್ಕ ಬೇರೆ. ಬನ್ನೂರಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರ್, ಹೋಗಿ ಬಂದರೆ 50. ಯೆಜ್ಡಿಯಲ್ಲಿ ಇದಕ್ಕೆ 1.7 ಲೀಟರ್ ಹತ್ತಿರ ಬೇಕು. ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರೋದರಿಂದ, ಕರೆಂಟ್ ಬಿಲ್ ಭಾಷೆಯಲ್ಲಿ ಹೇಳೋದಾದ್ರೆ 15 ಯೂನಿಟ್. ಅದೇ ಗಾಡಿ ಮೋಟರಿನಲ್ಲಿ, ಗಂಟೆಗೆ 60ರಲ್ಲಿ, ಗಾಳಿಯ ತಡೆ, ಟೈರಿನ ತಡೆ, ಮೋಟರಿನ ನಷ್ಟ ಎಲ್ಲಾ ಸೇರಿಸಿ ನಮಗೆ ಬಂದ ಲೆಕ್ಕ ಎರಡೂಕಾಲು ಯೂನಿಟ್. ಆರನೇ ಒಂದು ಭಾಗಕ್ಕಿಂತ ಕಮ್ಮಿ! ಇದನ್ನ ಮೂರು ಸಲ ಚೆಕ್ ಮಾಡಿದ್ವಿ, ಯಾಕಂದ್ರೆ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಮ್ಮ ಇಂಟರ್ನಲ್ಸ್ ಮಾರ್ಕ್ಸ್ ಏನು ಅಂತ ಕ್ಲಾಸಿಗೆಲ್ಲ ಗೊತ್ತು.

ಸರಿ, ಬೇಡ ಅನ್ನೋರ ವಾದವೂ ಸುಮ್ಮನೆ ಅಳು ಅಲ್ಲ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2019ರಲ್ಲೇ ಹೇಳಿದೆ: ಎಲೆಕ್ಟ್ರಿಕ್‌ಗೆ ಬದಲಾದ ಗಾಡಿಯನ್ನ ಚಾರಿತ್ರಿಕ ವಾಹನ ಅಂತ ನಾವು ಪರಿಗಣಿಸಲ್ಲ, ಬದಲಿಸಲೇಬೇಕಾದ್ರೆ ವಾಪಸ್ ಹಾಕೋಕೆ ಬರೋ ಹಾಗೆ ಬದಲಿಸಿ, ತೆಗೆದ ಭಾಗಗಳನ್ನ ಇಟ್ಟುಕೊಳ್ಳಿ. ಅಂದರೆ ತಾತನ ಪ್ರಶ್ನೆಯೇ. ನಮ್ಮ ದೇಶದ ನಿಯಮವೂ ಅದೇ ದಿಕ್ಕಿನಲ್ಲಿದೆ. 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಬೈಕು, ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತೆ, ನಂಬರಿನಲ್ಲಿ "ವಿಎ" ಅಂತ ಬರುತ್ತೆ. ಶುಲ್ಕ 20,000 ರೂಪಾಯಿ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ನಿಗೆ ದೊಡ್ಡ ಬದಲಾವಣೆ ಆಗಿರಬಾರದು. ತಾತನ ರೋಡ್‌ಕಿಂಗಿಗೆ 2031ಕ್ಕೆ ಐವತ್ತು ತುಂಬುತ್ತೆ. ಇವತ್ತು ನಾವು ಮಾರ್ಕ್ಸಿಗಾಗಿ ಫ್ರೇಮಿಗೆ ಗ್ಯಾಸ್ ಕಟರ್ ಹಿಡಿದರೆ, ಇನ್ನು ಕೆಲವೇ ವರ್ಷದಲ್ಲಿ ಸಿಗಬಹುದಾಗಿದ್ದ ಗೌರವವನ್ನ ಈಗಲೇ ಕಿತ್ತುಕೊಂಡ ಹಾಗೆ.

ಇನ್ನೊಂದು ವಿಷಯ, ಪ್ರಾಜೆಕ್ಟ್ ಟೀಮ್‌ಗಳು ದಯವಿಟ್ಟು ಓದಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನ ಮನಸ್ಸಿಗೆ ಬಂದ ಹಾಗೆ ಬದಲಿಸೋ ಹಾಗಿಲ್ಲ. ಎಲೆಕ್ಟ್ರಿಕ್ ಕಿಟ್‌ಗೆ ಪುಣೆಯ ಎಆರ್‌ಎಐನಂಥ ಸಂಸ್ಥೆಯ ಅನುಮೋದನೆ ಇರಬೇಕು, ಆರ್‌ಸಿಯಲ್ಲಿ ಬದಲಾವಣೆ ಆಗಬೇಕು. ವರ್ಕ್‌ಶಾಪಿನಲ್ಲಿ ನಾವೇ ಜೋಡಿಸಿದ ಕಿಟ್ ಹಾಕ್ಕೊಂಡು ರಿಂಗ್ ರೋಡಿಗೆ ಹೋಗೋ ಹಾಗಿಲ್ಲ. ಕ್ಯಾಂಪಸ್ ಗ್ರೌಂಡ್ ಅಷ್ಟೇ. ಹಾಗಾಗಿ ಗ್ರೌಂಡಿನಲ್ಲಿ ನಾಲ್ಕು ಸುತ್ತು ಹೊಡೆದು, ರೀಲ್ ಹಾಕಿ, ಸೆಮಿಸ್ಟರ್ ಮುಗಿದ ಮೇಲೆ ವರ್ಕ್‌ಶಾಪ್ ಹಿಂದೆ ಎಸೆಯೋ ಒಂದು ವಸ್ತುವಿಗೋಸ್ಕರ ನಲವತ್ತು ವರ್ಷದ ಫ್ರೇಮ್ ಕೊಯ್ಯೋದು ಎಷ್ಟು ಸರಿ? ಅಲ್ಲಿ ಹಿಂದೆ ಈಗಾಗಲೇ ಏನೇನು ಬಿದ್ದಿದೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ.

ಹಾಗಾದ್ರೆ ಮಾಡೋದು ಹೇಗೆ? ಜಾಗ್ವಾರ್ ಮಾಡಿದ್ದರಲ್ಲಿ ನಮಗೆ ಇಷ್ಟವಾಗಿದ್ದು ವೇಗ ಅಲ್ಲ. ಬ್ಯಾಟರಿ ಪ್ಯಾಕ್‌ಗೆ ಹಳೇ ಆರು ಸಿಲಿಂಡರ್ ಎಂಜಿನ್ನಿನದೇ ಹೆಚ್ಚುಕಮ್ಮಿ ಅಳತೆ, ತೂಕ ಕೊಟ್ಟು, ಅದೇ ಜಾಗದಲ್ಲಿ ಕೂರಿಸಿದ್ದು. ಸಸ್ಪೆನ್ಷನ್ ಬದಲಿಸಬೇಕಿಲ್ಲ, ಬ್ರೇಕ್ ಬದಲಿಸಬೇಕಿಲ್ಲ, ಬೇಕಾದಾಗ ಎಂಜಿನ್ ವಾಪಸ್ ಕೂರುತ್ತೆ. ಯೆಜ್ಡಿಗೂ ಇದೇ ದಾರಿ. ಎಂಜಿನ್ ಕೂತಿರೋದು ಫ್ರೇಮಿನ ಬೋಲ್ಟ್‌ಗಳ ಮೇಲೆ. ಅದೇ ತೂತುಗಳಿಗೆ ಸರಿಹೊಂದೋ ಎರಡು ಸ್ಟೀಲ್ ಪ್ಲೇಟ್ ಮಾಡಿ, ನಡುವೆ ಮೋಟರ್, ಮೇಲೆ ಬ್ಯಾಟರಿ. ಹಿಂದಿನ ಚಕ್ರಕ್ಕೆ ಮೊದಲಿನದೇ ಚೈನ್, ಮೊದಲಿನದೇ ಸ್ಪ್ರಾಕೆಟ್. ಹಬ್ ಮೋಟರ್ ಹಾಕೋದು ಸುಲಭ, ಆದರೆ ಹಾಗೆ ಮಾಡಿದರೆ ಮೂಲ ಚಕ್ರವೇ ಹೋಗುತ್ತೆ. ಕೆಲವರು ಬ್ಯಾಟರಿ ತುರುಕೋಕೆ ಟ್ಯಾಂಕಿನ ತಳ ಕೊಯ್ತಾರೆ. ಬೇಡ. ರೇಂಜ್ ಹತ್ತು ಕಿಲೋಮೀಟರ್ ಕಮ್ಮಿ ಆಗಲಿ. ಪವರ್ ಆಸೆಯೂ ಬೇಡ, ಡ್ರಮ್ ಬ್ರೇಕ್ ಗಾಡಿ ಅದು; 60ರಲ್ಲಿ ಹೋಗೋಕೆ ಮೂರು ಕಿಲೋವ್ಯಾಟ್ ಧಾರಾಳ. ಎಂಜಿನ್ನಿಗೆ ಪ್ಲಗ್ ತೂತಿನಿಂದ ಒಂದಿಷ್ಟು ಆಯಿಲ್ ಬಿಟ್ಟು, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಮರದ ಪೆಟ್ಟಿಗೆಯಲ್ಲಿ, ನೀರು ಬೀಳದ ಜಾಗದಲ್ಲಿ ಇಡಬೇಕು. ಪೆಟ್ಟಿಗೆ ಮೇಲೆ ಎಂಜಿನ್ ನಂಬರ್ ಬರೆದು.

"ಎಂಜಿನ್ ಇಲ್ಲದ ಯೆಜ್ಡಿ ಯೆಜ್ಡಿನೇ ಅಲ್ಲ" ಅಂತ ನಮ್ಮ ರೂಮಿನ ವಿರೋಧ ಪಕ್ಷ ಈಗಲೂ ಹೇಳುತ್ತೆ. ಬನ್ನೂರಿಂದ ಸ್ವಲ್ಪ ದೂರ ಹೋದರೆ ಸೋಮನಾಥಪುರ. ಅಲ್ಲಿನ ಕೇಶವ ದೇವಾಲಯದಲ್ಲಿ ಮೂಲ ಕೇಶವ ವಿಗ್ರಹ ಈಗಿಲ್ಲ. ಆದರೂ ಅದು ಕೇಶವ ದೇವಾಲಯವೇ, ನಾವೆಲ್ಲ ಹೈಸ್ಕೂಲ್ ಟ್ರಿಪ್‌ನಲ್ಲಿ ನೋಡಿ ಬಾಯಿ ಬಿಟ್ಟಿದ್ದೂ ಹೌದು. ವಿಗ್ರಹ ಹೋಗಿದೆ ಅಂತ ಯಾರೂ ಗೋಡೆ ಕೆಡವಲಿಲ್ಲ. ಈ ಹೋಲಿಕೆ ಅವರಿಗೆ ಅಷ್ಟಾಗಿ ಒಪ್ಪಿಗೆಯಾಗಿಲ್ಲ. "ದೇವಸ್ಥಾನಕ್ಕೆ ಸೈಲೆನ್ಸರ್ ಇಲ್ವಲ್ಲೋ" ಅಂದ್ರು. ಅದಕ್ಕೆ ನಮ್ಮ ಹತ್ರ ಉತ್ತರ ಇಲ್ಲ. ಸದ್ದು ಹೋದರೆ ಏನೋ ಹೋಗುತ್ತೆ, ಅದನ್ನ ಯಾವ ಸ್ಪೀಕರ್ ಹಾಕಿಯೂ ತರೋಕಾಗಲ್ಲ. ಕೆಲವು ಕಂಪನಿಗಳು ಸುಳ್ಳು ಸದ್ದು ಹಾಕ್ತಾವೆ, ಅದು ಇನ್ನೂ ಅಸಹ್ಯ.

ಆದರೆ ಕೊಟ್ಟಿಗೆಯಲ್ಲಿ ನಿಂತ ಗಾಡಿಗೂ ಈಗ ಸದ್ದಿಲ್ಲ. ಪಿಸ್ಟನ್ ಹಿಡ್ಕೊಂಡಿರಬಹುದು, ಫ್ರೇಮ್ ಕೆಳಗಡೆ ತುಕ್ಕು. ಇನ್ನು ಐದು ಮಳೆಗಾಲ ಹೀಗೇ ಬಿಟ್ಟರೆ ಗುಜರಿಯವನು ಕೆಜಿ ಲೆಕ್ಕದಲ್ಲಿ ತೂಗ್ತಾನೆ. ಓಡೋ ಗಾಡಿ ಮತ್ತು ಮೋಟರ್ ಗಾಡಿ ನಡುವೆ ಆರಿಸಿ ಅಂದರೆ ನಾವೂ ಮೊದಲನೆಯದನ್ನೇ ಆರಿಸ್ತೀವಿ. ಗುಜರಿ ಮತ್ತು ಮೋಟರ್ ನಡುವೆ ಅಂದರೆ ಮಾತ್ರ ಮೋಟರ್.

ನಮ್ಮ ಡಿಪಾರ್ಟ್‌ಮೆಂಟಿನವರಿಗೆ ಒಂದು ಮನವಿ. ಕನ್ವರ್ಷನ್ ಪ್ರಾಜೆಕ್ಟ್‌ಗಳ ಫೈನಲ್ ರಿವ್ಯೂನಲ್ಲಿ ಗಾಡಿ ಓಡಿದರೆ ಮಾರ್ಕ್ಸ್ ಕೊಡ್ತೀರಿ. ಹಾಗೇ "ಈಗ ಬಿಚ್ಚಿ, ಹಳೇ ಎಂಜಿನ್ ಕೂರಿಸಿ ತೋರಿಸಿ" ಅಂತಲೂ ಕೇಳಿ, ಅದಕ್ಕೂ ಮಾರ್ಕ್ಸ್ ಇಡಿ. ಆಗ ಯಾವ ಟೀಮೂ ಗ್ಯಾಸ್ ಕಟರ್ ಮುಟ್ಟಲ್ಲ. ಜೊತೆಗೆ, ಎಂಜಿನ್ ಬಿಚ್ಚೋ ಮುಂಚೆ ಅದನ್ನ ಬಲ್ಲ ಮೆಕ್ಯಾನಿಕ್ ಒಬ್ಬರ ಪಕ್ಕ ನಾಲ್ಕು ದಿನ ಕೂತು ಕಲಿಯೋದನ್ನ ಕಡ್ಡಾಯ ಮಾಡಿ. ಯೆಜ್ಡಿ ಕ್ಲಚ್ ಸೆಟ್ ಮಾಡೋದು ನಮ್ಮ ಯಾವ ಟೆಕ್ಸ್ಟ್‌ಬುಕ್ಕಲ್ಲೂ ಇಲ್ಲ. ಬನ್ನೂರಿನಲ್ಲಿ ಅದು ಗೊತ್ತಿರೋರು ಒಬ್ಬರು ಸಿಕ್ಕಿದ್ದಾರೆ, ವಯಸ್ಸು ಎಪ್ಪತ್ತು ದಾಟಿದೆ.

ಭಾನುವಾರ ಅವರನ್ನ ಕರ್ಕೊಂಡು ಕೊಟ್ಟಿಗೆಗೆ ಹೋಗ್ತಿದ್ದೀವಿ. ಮೊದಲು ಎಂಜಿನ್ ಸ್ಟಾರ್ಟ್ ಆಗುತ್ತಾ ನೋಡೋದು. ಆದರೆ ನಮ್ಮ ಪ್ರಾಜೆಕ್ಟ್ ಕ್ಯಾನ್ಸಲ್, ಬೇರೆ ಟಾಪಿಕ್ ಹುಡುಕಬೇಕು, ಅದಕ್ಕೆ ಉಳಿದಿರೋದು ಒಂಬತ್ತು ದಿನ. ಆಗದಿದ್ದರೆ ರಟ್ಟಿನಲ್ಲಿ ಕತ್ತರಿಸಿಟ್ಟಿರೋ ಪ್ಲೇಟಿನ ಅಳತೆ ಫ್ರೇಮಿಗೆ ಹಿಡಿದು ನೋಡ್ತೀವಿ. ಸ್ಟಾರ್ಟ್ ಆಗಲಿ ಅಂತ ನಮ್ಮಲ್ಲಿ ಮೂವರಿಗೆ ಆಸೆ. ನಾಲ್ಕನೆಯವನಿಗೆ ಸಿಜಿಪಿಎ ಚಿಂತೆ. ಬರುವಾಗ ಅರ್ಧ ಲೀಟರ್ ಟೂ-ಟಿ ಆಯಿಲ್ ಹಿಡ್ಕೊಂಡು ಬನ್ನಿ ಅಂತ ತಾತ ನಿನ್ನೆ ಫೋನ್ ಮಾಡಿದ್ದರು.