ಗೋಮಾಳ ಯಾರದು?

ಮಂಡ್ಯ ಜಿಲ್ಲೆಯೆಂದೊಡನೆ ಕಣ್ಣಿಗೆ ಕಟ್ಟುವುದು ವಿಶ್ವೇಶ್ವರಯ್ಯ ನಾಲೆ, ಕಬ್ಬಿನ ಗದ್ದೆ, ಆಲೆಮನೆಯ ಹೊಗೆ. ಅದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬಹುಭಾಗಕ್ಕೆ ಆ ಭಾಗ್ಯ ಒದಗಲಿಲ್ಲ. ಕನ್ನಂಬಾಡಿಯ ನೀರು ಏರಲಾರದ ಎತ್ತರದ ನೆಲ ಅದು. ಅಲ್ಲಿಯ ರೈತರು ಮಳೆಯನ್ನು ನೆಚ್ಚಿ ರಾಗಿ, ಹುರುಳಿ ಬಿತ್ತುತ್ತಾರೆ. ದನ, ಕುರಿ, ಮೇಕೆಗಳನ್ನು ಸಾಕುತ್ತಾರೆ. ಇಂಥ ಊರಿಗೆ ಕೆರೆ ಎಷ್ಟು ಮುಖ್ಯವೋ ಗೋಮಾಳವೂ ಅಷ್ಟೇ ಮುಖ್ಯ.

ಗೋಮಾಳವೆಂದರೆ ದನ ಮೇಯುವ ಬಯಲು ಮಾತ್ರವಲ್ಲ. ಗೇಣು ಹೊಲವೂ ಇಲ್ಲದವರ ಎರಡು ಮೇಕೆಗಳು ಬದುಕುವುದು ಅಲ್ಲಿ. ಬಡವರ ಒಲೆಗೆ ಪುಳ್ಳೆ ದೊರೆಯುವುದೂ ಅಲ್ಲಿ. ಎಷ್ಟೋ ಕಡೆ ಅದು ಕೆರೆಯ ಮೇಲ್ಬದಿಯ ಇಳಿಜಾರು. ಬಿದ್ದ ಮಳೆ ಹುಲ್ಲಿನ ನಡುವೆ ನಿಧಾನವಾಗಿ ಹರಿದು ತಿಳಿಯಾಗಿ ಕೆರೆಗಿಳಿಯುತ್ತದೆ. ಆ ಇಳಿಜಾರನ್ನು ಉತ್ತರೆ ಮಣ್ಣು ಕೊಚ್ಚಿಬಂದು ಕೆರೆಯಲ್ಲಿ ಹೂಳು ಸೇರುತ್ತದೆ. ಅಚ್ಚುಕಟ್ಟಿನವರು ಕಾರಣ ತಿಳಿಯದೆ ಮಳೆಯನ್ನು ದೂರುತ್ತಾರೆ.

ಈ ನೆಲದ ಮೇಲೆ ಅಧಿಕಾರ ಯಾರದು? 1964ರ ಭೂಕಂದಾಯ ಅಧಿನಿಯಮದ ಪ್ರಕಾರ ಸರ್ಕಾರಿ ಭೂಮಿಯನ್ನು ಮೇವಿಗಾಗಿ ಮೀಸಲಿಡುವವರು ಜಿಲ್ಲಾಧಿಕಾರಿಗಳು. ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಉಳಿಸಬೇಕೆಂದು 1966ರ ನಿಯಮಗಳು ಹೇಳುತ್ತವೆ. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದಂತೆಲ್ಲ ಈ ಲೆಕ್ಕದಲ್ಲಿ ಗೋಮಾಳ 'ಹೆಚ್ಚುವರಿ'ಯಾಗಿ ತೋರುತ್ತದೆ. ಕೆರೆಗೆ ನೀರು ಎಲ್ಲಿಂದ ಬರಬೇಕೆಂಬುದು ಆ ಲೆಕ್ಕದಲ್ಲಿಲ್ಲ.

1991ರಲ್ಲಿ ಆ ಅಧಿನಿಯಮಕ್ಕೆ ಇನ್ನೊಂದು ಏರ್ಪಾಡು ಸೇರಿತು. ಅಪ್ಪಣೆಯಿಲ್ಲದೆ ಮಾಡುವ ಸಾಗುವಳಿಗೆ ಬಗರ್‌ಹುಕುಂ ಎಂದು ಹೆಸರು. ಅದನ್ನು ಸಕ್ರಮಗೊಳಿಸಲು ತಾಲ್ಲೂಕಿಗೊಂದು ಸಮಿತಿ ಬಂದಿತು. ಶಾಸಕರು ಅದರ ಅಧ್ಯಕ್ಷರಾಗುವುದು ವಾಡಿಕೆ, ತಹಸೀಲ್ದಾರರು ಕಾರ್ಯದರ್ಶಿ. ಫಾರಂ 50 ಬಂದಿತು, ಅನಂತರ ಫಾರಂ 53, 2018ರಲ್ಲಿ ಫಾರಂ 57. ಪ್ರತಿಯೊಂದು ಕಡೆಯ ಅವಕಾಶವೆಂದೇ ಜನ ತಿಳಿದರು. ಇತ್ತ 1993ರ ಪಂಚಾಯತ್ ರಾಜ್ ಅಧಿನಿಯಮವು ಹುಲ್ಲುಗಾವಲನ್ನು ಕಾಪಾಡುವ, ಅದು ಪರಾಧೀನವಾಗದಂತೆ ತಡೆಯುವ ಹೊಣೆಯನ್ನು ಗ್ರಾಮ ಪಂಚಾಯಿತಿಗೆ ವಹಿಸಿತು. ಕಾಯುವ ಕೆಲಸ ಪಂಚಾಯಿತಿಗೆ, ಕೊಡುವ ಕೈ ಸಮಿತಿಗೆ! ಇದು ಕಾನೂನಿನ ವಿಚಿತ್ರ.

ಹಾಗೆಂದು ಎಲ್ಲವನ್ನೂ ಊರಿಗೇ ಬಿಟ್ಟುಬಿಡಬೇಕೆಂಬ ವಾದವೂ ಸರಿಯಲ್ಲ. ಊರೆಂಬುದು ಒಂದೇ ಮನಸ್ಸಿನ ಕುಟುಂಬವಲ್ಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರು ಒಡೆಯರಾದದ್ದು ಊರ ಪಂಚಾಯಿತಿಯ ಕಟ್ಟೆಯಲ್ಲಿ ತೀರ್ಮಾನವಾಗುವ ಸಂಗತಿಯಾಗಿರಲಿಲ್ಲ. ಭೂಹೀನರಿಗೆ ನೆಲ ಬೇಕೆಂಬ ಕೂಗಿನಲ್ಲಿ ನ್ಯಾಯವಿದೆ. ಆದರೆ ಬಡವರ ಹೆಸರಿನಲ್ಲಿ ತೆರೆದ ಬಾಗಿಲಿನಿಂದ ಬಲಿಷ್ಠರೂ ನುಗ್ಗುತ್ತಾರೆ. ಬೆಳ್ಳೂರು ಕ್ರಾಸಿನ ಹೆದ್ದಾರಿಯಂಥ ರಸ್ತೆಯ ಬದಿಯ ನೆಲಕ್ಕೆ ಬೆಲೆ ಬಂದ ಮೇಲಂತೂ ಕೇಳಬೇಕಾದ್ದಿಲ್ಲ.

2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಊರಿನ ಸಾಮುದಾಯಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಿ ಊರಿಗೇ ಮರಳಿಸಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಭೂಹೀನ ಕೂಲಿಗಾರರು, ಪರಿಶಿಷ್ಟರು, ಶಾಲೆ, ಆಸ್ಪತ್ರೆ ಮೊದಲಾದ ಕೆಲವೇ ವಿಷಯಗಳಲ್ಲಿ ವಿನಾಯಿತಿಗೆ ಎಡೆ ಬಿಟ್ಟಿತು. ಈ ತೀರ್ಪಿನಲ್ಲಿ ದಾರಿಯೊಂದು ಕಾಣುತ್ತದೆ. ಎಷ್ಟು ಕೊಡಬಹುದು, ಯಾರಿಗೆ ಕೊಡಬಾರದು ಎಂಬ ಎಲ್ಲೆಯನ್ನು ರಾಜ್ಯದ ಕಾನೂನು ಹಾಕಲಿ. ಯಾವ ಇಳಿಜಾರನ್ನು ಮುಟ್ಟಬಾರದು ಎಂಬುದನ್ನು ಊರು ಹೇಳಲಿ. ಗೋಮಾಳ ಒಂದು ಗುಂಟೆ ಕುಗ್ಗಬೇಕಾದರೂ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಲಿ. ಆ ಸಭೆ ಮಾತ್ರ ಸಂಜೆಯ ಹೊತ್ತು ಸೇರಬೇಕು. ಹಗಲು ಸೇರಿದರೆ ಕುರಿಗಾಹಿಗಳು ಬರಲಾರರು. ಆಗ ಅವರು ಮಂದೆಯೊಡನೆ ಗೋಮಾಳದಲ್ಲಿರುತ್ತಾರೆ.